ಹೋರಿಯ ಹಾಲನ್ನು ಅಳೆಯುವ ಬಗೆ

ಹೋರಿಯು ಹಾಲು ಕೊಡುವುದಿಲ್ಲವೆಂಬುದು ಎಳೆಯ ಮಕ್ಕಳೂ ಬಲ್ಲ ಸಂಗತಿ. ಆದರೂ ಇಂದು ಜಗತ್ತಿನ ಹೈನುಗಾರರು ಹಸುವಿನ ಹಾಲಿಗಿಂತ ಹೆಚ್ಚು ಎಚ್ಚರದಿಂದ ಅಳೆಯುವುದು ಹೋರಿಯ ಹಾಲನ್ನೇ. ಇದೇನು ವಿಚಿತ್ರವೆಂದು ವಿದ್ಯಾರ್ಥಿ ಮಿತ್ರರು ನಗಬಹುದು. ನಗುವ ಮುನ್ನ ಒಂದು ಲೆಕ್ಕವನ್ನು ಗಮನಿಸಬೇಕು. ಒಂದು ಹಸುವು ತನ್ನ ಜೀವಮಾನದಲ್ಲಿ ಐದಾರು ಕರುಗಳನ್ನು, ಹೆಚ್ಚೆಂದರೆ ಹತ್ತು ಕರುಗಳನ್ನು ಈಯಬಹುದು. ಬೀಜದ ಹೋರಿಗಾದರೋ, ಅದರ ವೀರ್ಯವನ್ನು ಘನೀಕರಿಸಿ ಊರೂರಿಗೆ ಕಳುಹಿಸುವ ಈ ಕಾಲದಲ್ಲಿ, ಸಾವಿರಾರು ಹೆಣ್ಣುಮಕ್ಕಳು ಹುಟ್ಟುತ್ತವೆ. ಹಸುವಿನ ಆಯ್ಕೆ ತಪ್ಪಿದರೆ ಒಂದು ಮನೆಯ ಹಾಲು ಕಡಮೆಯಾದೀತು. ಹೋರಿಯ ಆಯ್ಕೆ ತಪ್ಪಿದರೆ ಒಂದು ಸೀಮೆಯ ಹಾಲೇ ಕಡಮೆಯಾದೀತು.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯು ಇಲ್ಲಿ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಕರುವಿನ ಗುಣದಲ್ಲಿ ಅರ್ಧ ತಾಯಿಯದಾದರೆ ಉಳಿದ ಅರ್ಧ ತಂದೆಯದು. ತಾಯಿಯ ಪಾಲನ್ನು ದಿನಕ್ಕೆರಡು ಸಲ ಚೊಂಬಿನಲ್ಲಿ ಕರೆದು ನೋಡಬಹುದು. ತಂದೆಯ ಪಾಲನ್ನು ಕಾಣುವುದು ಹೇಗೆ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹಾಲೆಂದರೆ ಬಾಗಿಲಿಗೆ ಬರುವ ಪ್ಲಾಸ್ಟಿಕ್ ಚೀಲ. ಆದರೆ ಇವರಲ್ಲಿ ಅನೇಕರಿಗೆ ಊರಿನಲ್ಲಿ ಅಜ್ಜಂದಿರು, ಮಾವಂದಿರು ಇದ್ದಾರೆ. ಅವರ ಕೊಟ್ಟಿಗೆಯಲ್ಲಿ ಒಂದೋ ಎರಡೋ ಕರಾವು ಇವೆ. ಹಸು ಬೆದೆಗೆ ಬಂದ ದಿನ ಮಾವನವರು ಪಶುವೈದ್ಯರಿಗೆ ಫೋನು ಮಾಡುತ್ತಾರೆ. ವೈದ್ಯರೋ ಸಹಾಯಕರೋ ಬಂದು, ಉದ್ದನೆಯ ಕೊಳವೆಯಿಂದ ಹಸುವಿಗೆ ‘ಇಂಜೆಕ್ಷನ್’ ಮಾಡಿ ಹೋಗುತ್ತಾರೆ. ಐದು ನಿಮಿಷದ ಕೆಲಸ. ಆದರೆ ಅದರ ಫಲವು ಕೈಗೆ ಬರಲು ಎಷ್ಟು ಕಾಲ? ಕರು ಹುಟ್ಟಲು ಒಂಬತ್ತು ತಿಂಗಳು. ಹುಟ್ಟಿದ್ದು ಹೆಣ್ಣಾದರೆ, ಅದು ಕಡಸಾಗಿ ಬೆಳೆದು, ಗಬ್ಬವಾಗಿ, ಮೊದಲ ಸಲ ಕರು ಹಾಕಿ ಹಾಲು ಕೊಡಲು ಮತ್ತೆ ಎರಡೂವರೆ ಮೂರು ವರ್ಷ. ಅಲ್ಲಿಯವರೆಗೂ ಮೇವು, ಹಿಂಡಿ, ಔಷಧಿಗಳ ಖರ್ಚೆಲ್ಲವೂ ಮಾವನವರದೇ. ಮೂರು ವರ್ಷಕ್ಕೂ ಮೀರಿ ಸಾಕಿದ ಮೇಲೆ ಆ ಕಡಸು ತಾಯಿಗಿಂತ ಕಡಮೆ ಹಾಲು ಕೊಟ್ಟರೆ, ಕಳೆದುಹೋದ ಕಾಲವನ್ನು ಯಾರೂ ಹಿಂದಿರುಗಿಸಲಾರರು. ಆ ಐದು ನಿಮಿಷದಲ್ಲಿ ಯಾವ ಹೋರಿಯ ವೀರ್ಯವನ್ನು ಬಳಸಬೇಕೆಂಬ ಪ್ರಶ್ನೆ ಸಣ್ಣದಲ್ಲವೆಂಬುದು ಇದರಿಂದ ತಿಳಿಯುವುದು.

ಹಿಂದಿನವರು ಕಣ್ಣಿನಿಂದ ಆರಿಸುತ್ತಿದ್ದರು. ಕಲ್ಯಾಣದಿಂದ ಮುರ್ಬಾಡದ ದಾರಿ ಹಿಡಿದು ಹೋದರೆ ಮ್ಹಸಾ ಎಂಬ ಊರು ಸಿಗುತ್ತದೆ. ಅಲ್ಲಿ ಪುಷ್ಯ ಹುಣ್ಣಿಮೆಗೆ ನೆರೆಯುವ ಜಾತ್ರೆಯು ದನಗಳ ವ್ಯಾಪಾರಕ್ಕೆ ಹೆಸರಾದುದು. ನಮ್ಮ ನಾಡಿನ ದನದ ಪರಿಷೆಗಳಂತೆಯೇ ಅಲ್ಲಿಯೂ ಕೊಳ್ಳುವವನು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದುದೋ ಎಂದು ನೋಡುತ್ತಾನೆ. ಗೊರಸು, ಹೆಗಲು, ನಡಿಗೆಗಳನ್ನು ಪರೀಕ್ಷಿಸುತ್ತಾನೆ. ಮೈಮೇಲಿನ ಸುಳಿಗಳಲ್ಲಿ ಶುಭಾಶುಭಗಳನ್ನು ಓದುವವರೂ ಉಂಟು. ಸುಳಿಯ ಮಾತು ಇರಲಿ. ಉಳಿದುದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ನೇಗಿಲಿಗೆ ಎತ್ತನ್ನು ಕೊಳ್ಳುವವನಿಗೆ ಬೇಕಾದುದು ಆ ಎತ್ತಿನ ಬಲವೇ ಹೊರತು ಅದರ ಸಂತಾನವಲ್ಲ. ಕಣ್ಣಿಗೆ ಕಂಡುದನ್ನೇ ಅವನು ಕೊಳ್ಳುತ್ತಾನೆ.

ಈ ಕಣ್ಣಿನ ಆಯ್ಕೆಯನ್ನೇ ತಲೆಮಾರುಗಟ್ಟಲೆ ಬಿಡದೆ ನಡೆಸಿದರೆ ಏನಾಗಬಲ್ಲುದೆಂಬುದಕ್ಕೆ ಮೈಸೂರಿನ ಅಮೃತಮಹಲ್ ತಳಿಯೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಅರಸರ ಹಿಂಡಿಗೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂಬ ಹೆಸರನ್ನಿತ್ತನು. ಹೆಸರಿನಲ್ಲಿ ಅಮೃತವಿದ್ದರೂ ಅದರ ಕೀರ್ತಿ ಹಾಲಿನದಲ್ಲ. ಫಿರಂಗಿಯ ಗಾಡಿಗಳನ್ನೂ ದಂಡಿನ ಸಾಮಾನನ್ನೂ ಹೊತ್ತು ದಣಿವಿಲ್ಲದೆ ಓಡುವ ಎತ್ತುಗಳದು. ಓಟಕ್ಕಾಗಿ ಆರಿಸಿದರು, ಓಟವೇ ಬಂದಿತು. ಬ್ರಿಟಿಷರ ಕಾಲದಲ್ಲಿ, 1860ರಲ್ಲಿ, ಖರ್ಚು ಉಳಿಸಲೆಂದು ಈ ಸಂಸ್ಥೆಯನ್ನೇ ಮುಚ್ಚಿ ಹಿಂಡನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ತಪ್ಪು ಅರಿವಿಗೆ ಬಂದು, 1866ರಲ್ಲಿ ಮತ್ತೆ ಹಸುಗಳನ್ನು ಹುಡುಕಿ ಕೂಡಿಸಬೇಕಾಯಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರವು ಇಂದಿಗೂ ಆ ವಂಶವನ್ನು ಕಾಪಾಡುತ್ತಿದೆ.

ಆದರೆ ಓಟವು ಹೋರಿಯಲ್ಲಿಯೇ ಕಾಣುವ ಗುಣ, ಹಾಲು ಹಾಗಲ್ಲ. ಗಂಡಿನಲ್ಲಿ ಎಂದೂ ತೋರದ ಗುಣವನ್ನು ಗಂಡಿನಲ್ಲಿ ಹುಡುಕುವುದಕ್ಕೆ ಒಂದೇ ದಾರಿ: ಅದರ ಹೆಣ್ಣುಮಕ್ಕಳನ್ನು ನೋಡುವುದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತನು ತನ್ನ ಟಗರುಗಳನ್ನು ಮಾರದೆ, ಋತುವಿಗಿಷ್ಟೆಂದು ನೆರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದನು. ಯಾವ ಟಗರಿನ ಮರಿಗಳು ಉತ್ತಮವೆಂದು ಕಂಡುಬರುವುದೋ ಅದನ್ನು ತನ್ನ ಹಿಂಡಿಗೆ ಮರಳಿ ತರಿಸಿಕೊಳ್ಳುತ್ತಿದ್ದನು. ಪರೀಕ್ಷೆಯ ಖರ್ಚು ನೆರೆಯವರದು, ಫಲ ತನ್ನದು! ಸಂತತಿ ಪರೀಕ್ಷೆಯೆಂದು ಇಂದು ನಾವು ಕರೆಯುವುದರ ಮೂಲ ಇದರಲ್ಲಿದೆ.

ಎಷ್ಟು ಹೆಣ್ಣುಮಕ್ಕಳನ್ನು ನೋಡಿದರೆ ಸಾಕು? ಇಲ್ಲಿ ಗಣಿತವು ನೆರವಿಗೆ ಬರುತ್ತದೆ. ಒಂದೇ ಹಿಂಡಿನ ಎರಡು ಹಸುಗಳ ಹಾಲಿನಲ್ಲಿ ವ್ಯತ್ಯಾಸವಿದ್ದರೆ ಅದೆಲ್ಲವೂ ರಕ್ತದ ಗುಣವಲ್ಲ. ಮೇವು, ರೋಗ, ಕರು ಹಾಕಿದ ಋತು, ಕರೆಯುವವರ ಕೈ, ಎಲ್ಲವೂ ಸೇರಿರುತ್ತವೆ. ಸ್ಥೂಲವಾಗಿ ಕಾಲು ಭಾಗ ಮಾತ್ರ ಸಂತಾನಕ್ಕೆ ಇಳಿಯಬಲ್ಲ ಗುಣವೆಂದು ಹಿಡಿಯೋಣ. ಆಗ, ಬೇರೆ ಬೇರೆ ಮನೆಗಳಲ್ಲಿರುವ ಹೆಣ್ಣುಮಕ್ಕಳ ಸಂಖ್ಯೆಯನ್ನು, ಅದೇ ಸಂಖ್ಯೆಗೆ 15ನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ, ನಮ್ಮ ಅಂದಾಜು ಎಷ್ಟು ನಂಬತಕ್ಕದ್ದೆಂಬುದು ದೊರೆಯುತ್ತದೆ. 5 ಮಕ್ಕಳಿದ್ದರೆ 20ರಲ್ಲಿ 5, ಅಂದರೆ ಕಾಲು ಪಾಲು ನಂಬಿಕೆ. 15 ಇದ್ದರೆ ಅರ್ಧ. 45 ಇದ್ದರೆ ಮುಕ್ಕಾಲು. ನೂರಕ್ಕೆ ತೊಂಬತ್ತರಷ್ಟು ನಂಬಿಕೆ ಬೇಕಾದರೆ 135 ಹೆಣ್ಣುಮಕ್ಕಳು ಬೇಕು. ಮೊದಮೊದಲು ನಂಬಿಕೆ ಬೇಗ ಏರುವುದು, ಆಮೇಲೆ ತೆವಳುವುದು. ಈ ಅಂಕಿಗೆ ‘ವಿಶ್ವಾಸಾರ್ಹತೆ’ ಎಂದು ಹೆಸರು. ಹೋರಿಯ ಗುಣವನ್ನು ಹೇಳುವ ಅಂಕಿಗೆ ‘ತಳಿಮೌಲ್ಯ’ ಎಂದು ಹೆಸರು. ಎರಡನೆಯದನ್ನು ಮಾತ್ರ ಓದಿ ಮೊದಲನೆಯದನ್ನು ಓದದವನು ಪರೀಕ್ಷೆಯಲ್ಲಿ ಬಂದ ಅಂಕಗಳನ್ನು ಹೇಳಿ, ಒಟ್ಟು ಎಷ್ಟಕ್ಕೆ ಎಂಬುದನ್ನು ಮರೆಸುವ ಹುಡುಗನಂತೆ.

ವೀರ್ಯ ಕೇಂದ್ರಗಳ ಪಟ್ಟಿಗಳಲ್ಲಿ ಹೋರಿಯ ಚಿತ್ರದ ಕೆಳಗೆ ‘ತಾಯಿಯ ಅತ್ಯುತ್ತಮ ಸೂಲಿನ ಹಾಲು’ ಎಂಬ ದೊಡ್ಡ ಸಂಖ್ಯೆ ಇರುವುದುಂಟು. ಇದಕ್ಕೆ ಮರುಳಾಗುವವರು ಬಹಳ. ಲೆಕ್ಕ ಹಾಕಿ ನೋಡಿ: ತಾಯಿಹಸು ತನ್ನ ಜೊತೆಯ ಹಸುಗಳಿಗಿಂತ ಒಂದು ಸೂಲಿನಲ್ಲಿ 1000 ಲೀಟರು ಹೆಚ್ಚು ಕೊಟ್ಟಿತೆನ್ನೋಣ. ಅದರ ಕಾಲು ಭಾಗ ಮಾತ್ರ ರಕ್ತದ್ದು, 250 ಲೀಟರು. ಅದರಲ್ಲಿ ಅರ್ಧ ಮಗನಾದ ಹೋರಿಗೆ ಇಳಿಯುತ್ತದೆ; 125. ಅದರಲ್ಲಿ ಅರ್ಧ ನಿಮ್ಮ ಕೊಟ್ಟಿಗೆಯ ಕರುವಿಗೆ; ಸುಮಾರು 62 ಲೀಟರು. ಸಾವಿರವೆಂದು ಕಂಡುದು ಮನೆಗೆ ಬರುವ ಹೊತ್ತಿಗೆ ಅರವತ್ತೆರಡಾಯಿತು!

ಸಂತತಿ ಪರೀಕ್ಷೆಗೆ ಎರಡು ತೊಡಕುಗಳಿದ್ದವು. ಮೊದಲನೆಯದು, ಒಂದು ಹೋರಿಯ ಸಂತಾನವನ್ನು ಹಲವು ಊರುಗಳಲ್ಲಿ ಹುಟ್ಟಿಸುವುದು. ಕೃತಕ ಗರ್ಭಧಾರಣೆಯು ಅದನ್ನು ಬಿಡಿಸಿತು. ಭಾರತದಲ್ಲಿ ಇದು ಮೊದಲು ನಡೆದುದು ಕನ್ನಡ ನಾಡಿನಲ್ಲಿಯೇ ಎಂಬುದು ನಮ್ಮ ವಿದ್ಯಾರ್ಥಿಗಳು ನೆನಪಿಡತಕ್ಕ ವಿಷಯ. 1939ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ ಡಾ. ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳಿಗೆ ಗರ್ಭ ಕಟ್ಟಿಸಿದರು. ಆದರೆ ತಾಜಾ ವೀರ್ಯ ಬಹಳ ದಿನ ಉಳಿಯದು. 1949ರಲ್ಲಿ ಇಂಗ್ಲೆಂಡಿನ ಕ್ರಿಸ್ಟೊಫರ್ ಪೋಲ್ಜ್ ಮತ್ತು ಸಂಗಡಿಗರು ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಸಾಯವೆಂದು ಕಂಡುಹಿಡಿದರು. ಇಂದು ಕಾಲು ಮಿಲಿಲೀಟರಿನ ಸಣ್ಣ ನಳಿಕೆಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟರೆ, ಹೋರಿ ಸತ್ತ ಎಷ್ಟೋ ವರ್ಷಗಳ ಮೇಲೂ ಅದರ ಕರುಗಳು ಹುಟ್ಟಬಲ್ಲವು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ, ಪುಣೆಯ ಹತ್ತಿರ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಸ್ಥಾಪಿಸಿದ ‘ಬಾಯಫ್’ ಸಂಸ್ಥೆಯಲ್ಲಿಯೂ ಇಂತಹ ಉಗ್ರಾಣಗಳಿವೆ.

ಎರಡನೆಯ ತೊಡಕು ಹೆಚ್ಚು ಬಿಗಿಯಾದುದು. ಪಶ್ಚಿಮ ದೇಶಗಳ ಕೊಟ್ಟಿಗೆಯಲ್ಲಿ ನೂರಾರು ಹಸುಗಳು ಒಂದೇ ಮೇವು ತಿನ್ನುತ್ತವೆ. ಯಾವ ಹೋರಿಯ ಮಗಳು ಮೇಲೆಂದು ಅಲ್ಲಿ ಹೋಲಿಸುವುದು ಸುಲಭ. ನಮ್ಮ ರೈತನ ಮನೆಯಲ್ಲಿ ಇರುವುದು ಎರಡು ಹಸು. ಹೋಲಿಕೆ ಯಾವುದರೊಡನೆ? ಆದುದರಿಂದ ಇಡೀ ಹಳ್ಳಿಯನ್ನೇ ಒಂದು ಹಿಂಡೆಂದು ಭಾವಿಸಿ, ತಿಂಗಳಿಗೊಮ್ಮೆ ಬೆಳಗು ಬೈಗು ಮನೆಮನೆಗೆ ಹೋಗಿ ಹಾಲನ್ನು ಅಳೆದು ಬರೆಯಬೇಕು. ಬರೆದುದು ಬೆರಕೆಯಾಗದಂತೆ ಪ್ರತಿ ದನಕ್ಕೂ ಒಂದು ಗುರುತು ಬೇಕು. ಊರಿನ ಹಸುಗಳ ಕಿವಿಯಲ್ಲಿ ಹಳದಿ ಓಲೆಯೊಂದನ್ನು ನೀವು ಕಂಡಿರಬಹುದು; ಅದರಲ್ಲಿರುವ 12 ಅಂಕಿಗಳ ಸಂಖ್ಯೆ ಆ ದನಕ್ಕೆ ಮಾತ್ರ ಸೇರಿದುದು, ನಮಗೆ ಆಧಾರ್ ಇರುವಂತೆ. ಅದರ ತಂದೆ ಯಾರು, ಎಂದು ಗಬ್ಬವಾಯಿತು, ಎಂದು ಕರು ಹಾಕಿತು, ಯಾವ ಲಸಿಕೆ ಆಯಿತು ಎಂಬುದೆಲ್ಲ ಆ ಸಂಖ್ಯೆಯ ಹೆಸರಿನಲ್ಲಿ ‘ಭಾರತ ಪಶುಧನ’ವೆಂಬ ಗಣಕ ಕಡತಕ್ಕೆ ಸೇರುತ್ತದೆ. ಶಾಲೆಯಲ್ಲಿ ಎರಡು ಅವ್ಯಕ್ತಗಳ ಏಕಕಾಲಿಕ ಸಮೀಕರಣಗಳನ್ನು ಬಿಡಿಸಿ ಬೇಸತ್ತವರಿಗೆ ಒಂದು ಸಮಾಧಾನ: ಅಮೆರಿಕದ ಚಾರ್ಲ್ಸ್ ಹೆಂಡರ್‌ಸನ್ ಎಂಬ ವಿದ್ವಾಂಸನು ತೋರಿದ ದಾರಿಯಲ್ಲಿ, ಗಣಕಯಂತ್ರವು ಲಕ್ಷಾಂತರ ಅವ್ಯಕ್ತಗಳ ಅಂತಹವೇ ಸಮೀಕರಣಗಳನ್ನು ಬಿಡಿಸಿ, ಊರಿನ ಮೇವಿನ ಪಾಲೆಷ್ಟು, ಹೋರಿಯ ಪಾಲೆಷ್ಟು ಎಂದು ಬೇರ್ಪಡಿಸುತ್ತದೆ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, 305 ದಿನಗಳ ಒಂದು ಸೂಲು ಮುಗಿಸುವ ಹೊತ್ತಿಗೆ ಹೋರಿಗೆ ಏಳು ವರ್ಷವಾದರೂ ಆಗುತ್ತದೆ. ಕೋಣನಾದರೆ ಇನ್ನೂ ಹೆಚ್ಚು. ಈ ಕಾಯುವಿಕೆಯನ್ನು ಮುರಿದ ಯೋಚನೆ 2001ರಲ್ಲಿ ಮೂಡಿತು. ದನದ ಪ್ರತಿ ಜೀವಕೋಶದಲ್ಲಿ 30 ಜೊತೆ ವರ್ಣತಂತುಗಳಿವೆ. ಅವುಗಳ ಉದ್ದಕ್ಕೂ ಒಂದು ದನಕ್ಕೂ ಇನ್ನೊಂದಕ್ಕೂ ಒಂದೊಂದೇ ಅಕ್ಷರ ಬದಲಾಗಿರುವ ಸ್ಥಾನಗಳು ಅಸಂಖ್ಯ. ಸಾವಿರಾರು ದನಗಳಲ್ಲಿ ಈ ಅಕ್ಷರಗಳನ್ನೂ ಓದಿ, ಅವುಗಳ ಹಾಲನ್ನೂ ಅಳೆದರೆ, ಯಾವ ಅಕ್ಷರವು ಹಾಲಿಗೆ ಎಷ್ಟು ಕೂಡಿಸುತ್ತದೆ, ಎಷ್ಟು ಕಳೆಯುತ್ತದೆ ಎಂಬುದರ ಅಂದಾಜು ಸಿಗುತ್ತದೆ. ಆಮೇಲೆ ಹುಟ್ಟಿದ ಕರುವಿನ ಕಿವಿಯ ಚೂರನ್ನೋ ಕೂದಲಿನ ಬೇರನ್ನೋ ಪರೀಕ್ಷಿಸಿ, ಅಕ್ಷರಗಳ ಲೆಕ್ಕ ಕೂಡಿದರೆ ಅದರ ತಳಿಮೌಲ್ಯ ತಿಳಿಯುತ್ತದೆ, ಮಕ್ಕಳಿಗಾಗಿ ಕಾಯಬೇಕಿಲ್ಲ. ಮ್ಯೂವಿಸೆನ್, ಹೇಯ್ಸ್, ಗೊಡಾರ್ಡ್ ಎಂಬ ಮೂವರು ಇದನ್ನು ಕಾಗದದ ಮೇಲೆ ತೋರಿಸಿದರು. 2009ರಲ್ಲಿ ಅಮೆರಿಕವು ಇದನ್ನು ಅಧಿಕೃತವಾಗಿ ಕೈಗೊಂಡಿತು. ಆ ವರ್ಷವೇ, ಹಾಲು ಕೊಡುವ ಒಂದು ಮಗಳೂ ಇರದಿದ್ದ ಫ್ರೆಡ್ಡಿ ಎಂಬ ಹೋರಿಯನ್ನು ಅತ್ಯುತ್ತಮವೆಂದು ಲೆಕ್ಕವು ಸಾರಿತು; ಮುಂದೆ ಅದರ ಹೆಣ್ಣುಮಕ್ಕಳು ಕರು ಹಾಕಿದಾಗ ಲೆಕ್ಕವು ಸರಿಯೆಂದು ತಿಳಿಯಿತು.

ನಮ್ಮ ದೇಶದ ದನಗಳಿಗಾಗಿ ‘ಗೌಚಿಪ್’, ಎಮ್ಮೆಗಳಿಗಾಗಿ ‘ಮಹಿಷ್‌ಚಿಪ್’ ಎಂಬ ಪರೀಕ್ಷಾ ಫಲಕಗಳನ್ನು 2024ರ ಅಕ್ಟೋಬರ್ 5ರಂದು ಇದೇ ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿಯವರು ಬಿಡುಗಡೆ ಮಾಡಿದರು. ಎಲ್ಲಿ ಯಾವ ತಳಿಯ ವೀರ್ಯ ದೊರೆಯುವುದೆಂದು ರೈತರಿಗೆ ತಿಳಿಸುವ ‘ಇ-ಗೋಪಾಲ’ ಎಂಬ ಮೊಬೈಲ್ ಸಾಧನವು 2020ರಲ್ಲಿಯೇ ಬಂದಿತ್ತು. ಆದರೆ ಫಲಕವು ತಾನಾಗಿ ಏನನ್ನೂ ಅರಿಯದು. ಮಳೆಯಲ್ಲಿ ಕೊಡೆ ಹಿಡಿದು, ತಿಂಗಳಿಗೊಮ್ಮೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದು ಹಾಲು ಅಳೆದವನ ಪುಸ್ತಕವೇ ಅದರ ತಿಳಿವಳಿಕೆಯ ಮೂಲ. ಅವನು ಮನೆಯಲ್ಲಿ ಕುಳಿತು ಅಂದಾಜಿನಿಂದ ಬರೆದಿದ್ದರೆ ಫಲಕವೂ ಅಂದಾಜನ್ನೇ ಹೇಳೀತು.

ಇನ್ನು ಲಾಭದ ಮಾತು. ಉದಾಹರಣೆಗಾಗಿ ಎರಡು ಹೋರಿಗಳನ್ನು ಕಲ್ಪಿಸೋಣ. ಮೊದಲನೆಯದರ ಹೆಣ್ಣುಮಕ್ಕಳು ಸೂಲಿಗೆ 600 ಲೀಟರು ಹೆಚ್ಚು ಕೊಡುತ್ತವೆ, ಆದರೆ ಮತ್ತೆ ಗಬ್ಬವಾಗಲು 40 ದಿನ ತಡ. ಎರಡನೆಯದರ ಮಕ್ಕಳು 350 ಲೀಟರು ಮಾತ್ರ ಹೆಚ್ಚು, ತಡವಿಲ್ಲ. ಮೇವಿನ ಖರ್ಚು ಕಳೆದು ಲೀಟರಿಗೆ 10 ರೂಪಾಯಿ ಉಳಿಯುವುದೆಂದೂ, ಒಂದು ದಿನದ ತಡಕ್ಕೆ 100 ರೂಪಾಯಿ ನಷ್ಟವೆಂದೂ ಇಟ್ಟುಕೊಂಡರೆ, ಮೊದಲನೆಯದಕ್ಕೆ 6000ದಲ್ಲಿ 4000 ಕಳೆದು 2000; ಎರಡನೆಯದಕ್ಕೆ 3500. ಹಾಲಿನಲ್ಲಿ ಸೋತ ಹೋರಿ ಹಣದಲ್ಲಿ ಗೆದ್ದಿತು. ಹೀಗೆ ಹಲವು ಗುಣಗಳನ್ನು ಅವುಗಳ ಬೆಲೆಯಿಂದ ತೂಗಿ ಒಂದೇ ಅಂಕಿಯಾಗಿ ಮಾಡಿದುದನ್ನು ‘ಆಯ್ಕೆಯ ಸೂಚ್ಯಂಕ’ ಎನ್ನುತ್ತಾರೆ. ಮಾಂಸಕ್ಕಾಗಿ ದನ ಸಾಕುವ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಈ ವಿದ್ಯೆ ಬಹಳ ಮುಂದುವರಿದಿದೆ. ಬೇಗ ಬೆಳೆಯುವ ಕರು ಬೇಕೆಂದು ದೊಡ್ಡ ಮೈಯ ಹೋರಿಯನ್ನು ಆರಿಸಿದರೆ, ಕರು ಹೊಟ್ಟೆಯಲ್ಲಿಯೇ ದೊಡ್ಡದಾಗಿ ಚೊಚ್ಚಲ ಕಡಸಿಗೆ ಹೆರಿಗೆ ಕಷ್ಟವಾಗುತ್ತದೆ. ಕೆಲವೊಮ್ಮೆ ಎರಡೂ ಸಾಯುತ್ತವೆ. ಆದುದರಿಂದ ಹುಟ್ಟುವಾಗ ಹಗುರವಾಗಿಯೂ ಹುಟ್ಟಿದ ಮೇಲೆ ವೇಗವಾಗಿಯೂ ಬೆಳೆಯುವ ಸಂತಾನದ ಹೋರಿಗಳನ್ನು ಅಲ್ಲಿ ಹುಡುಕುತ್ತಾರೆ. ಅಲ್ಲಿನ ರೈತನು ಅಂತರ್ಜಾಲದ ಪುಟದಲ್ಲಿ, ತಾನು ಕರುಗಳನ್ನು ಹಾಲು ಬಿಡಿಸಿದೊಡನೆ ಮಾರುವನೋ, ಕೊಬ್ಬಿಸಿ ಮಾರುವನೋ, ಕಡಸುಗಳನ್ನು ತನ್ನಲ್ಲಿಯೇ ಉಳಿಸಿಕೊಳ್ಳುವನೋ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಉತ್ತರ ಬದಲಾದರೆ ಹೋರಿಗಳ ಸಾಲೂ ಬದಲಾಗುತ್ತದೆ. ಮೊದಲು ನಿಂತದ್ದು ಹಿಂದೆ ಸರಿಯುತ್ತದೆ. ‘ಅತ್ಯುತ್ತಮ ಹೋರಿ’ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಯಂತ್ರವು ಕೂಡುವ ಕಳೆಯುವ ಕೆಲಸವನ್ನು ಮಾಡುತ್ತದೆ. ಯಾವುದಕ್ಕೆ ಎಷ್ಟು ತೂಕವೆಂಬುದನ್ನು ಹೇಳಬೇಕಾದವನು ದನ ಸಾಕುವವನೇ.

ಅಂಕಣದಲ್ಲಿ ಇಲ್ಲದ ಗುಣದ ಗತಿಯೇನು? ಅದಕ್ಕೆ ಪ್ರಸಿದ್ಧ ನಿದರ್ಶನ, 1962ರಲ್ಲಿ ಹುಟ್ಟಿದ ಆರ್ಲಿಂಡಾ ಚೀಫ್ ಎಂಬ ಅಮೆರಿಕದ ಹೋಲ್‌ಸ್ಟೀನ್ ಹೋರಿ. ಅದರ ಹೆಣ್ಣುಮಕ್ಕಳು ಸುಮಾರು 16,000. ಮೊಮ್ಮಕ್ಕಳು ಐದು ಲಕ್ಷ. ಹಾಲು ಹೊಳೆಯಾಗಿ ಹರಿಯಿತು. ಆದರೆ ಅದರ ಒಂದು ವರ್ಣತಂತುವಿನಲ್ಲಿ ಒಂದು ದೋಷ ಅಡಗಿತ್ತು. ತಂದೆಯಿಂದಲೂ ತಾಯಿಯಿಂದಲೂ ಆ ದೋಷವನ್ನು ಪಡೆದ ಭ್ರೂಣವು ಗರ್ಭದಲ್ಲಿಯೇ ಸಾಯುತ್ತಿತ್ತು. ಚೀಫ್‌ನ ವಂಶವೇ ಎಲ್ಲೆಡೆ ಹರಡಿದುದರಿಂದ ದೋಷವಿದ್ದ ಗಂಡು ಹೆಣ್ಣುಗಳು ಮತ್ತೆ ಮತ್ತೆ ಕೂಡಿದವು. ಹಸು ಗಬ್ಬ ಕಟ್ಟಲಿಲ್ಲವೆಂದು ರೈತರು ಮೇವನ್ನೋ ದೈವವನ್ನೋ ದೂರಿದರು. 2011ರ ಸುಮಾರಿಗೆ ವರ್ಣತಂತುಗಳ ಲೆಕ್ಕದಿಂದಲೇ ದೋಷವು ಬಯಲಾಗುವ ವೇಳೆಗೆ, ಜಗತ್ತಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಗರ್ಭಗಳು ಇದರಿಂದ ನಾಶವಾಗಿದ್ದವೆಂದು ಅಂದಾಜು ಮಾಡಿದ್ದಾರೆ. ನಷ್ಟ 42 ಕೋಟಿ ಡಾಲರು. ಅದೇ ಹೋರಿಯಿಂದ ಬಂದ ಹಾಲಿನ ಲಾಭ 3,000 ಕೋಟಿ ಡಾಲರು ಎಂದೂ ಅವರೇ ಹೇಳುತ್ತಾರೆ. ಲಾಭವು ನಷ್ಟವನ್ನು ನುಂಗಿತೆಂಬುದು ನಿಜ. ಗರ್ಭ ಕಳೆದುಕೊಂಡ ಕೊಟ್ಟಿಗೆಯವನಿಗೆ ಆ ಒಟ್ಟು ಲೆಕ್ಕದಿಂದ ಬಂದ ಸಮಾಧಾನವೆಷ್ಟೋ!

ನಮ್ಮ ಸಮೀಪದಲ್ಲಿಯೇ ನೋಡೋಣ. ಠಾಣೆ, ನಾಸಿಕಗಳ ಬೆಟ್ಟದ ಸೀಮೆಯಲ್ಲಿ ಡಾಂಗಿ ಎಂಬ ದನದ ತಳಿಯಿದೆ. ಹಾಲು ಅಲ್ಪ. ಆದರೆ ಅದರ ಚರ್ಮವು ಜಿಡ್ಡನ್ನು ಒಸರುವುದರಿಂದ ಸಹ್ಯಾದ್ರಿಯ ಜಡಿಮಳೆಯಲ್ಲಿಯೂ ಅದು ಕೆಸರುಗದ್ದೆಯಲ್ಲಿ ದುಡಿಯಬಲ್ಲುದು. ಹಾಲಿನ ಅಂಕಣ ಮಾತ್ರ ಇರುವ ಪಟ್ಟಿಯಲ್ಲಿ ಡಾಂಗಿಯು ಕಟ್ಟಕಡೆಗೆ ನಿಲ್ಲುವುದು. ಮಲೆನಾಡ ಗಿಡ್ಡಕ್ಕೂ ಅದೇ ಗತಿ. ಇದಕ್ಕಿಂತ ದುಃಖಕರವಾದುದು ನಗರದ ತಬೇಲಗಳ ಪದ್ಧತಿ. ಮುಂಬಯಿಗೂ ಕಲ್ಯಾಣ, ಭಿವಂಡಿಗಳ ಕಡೆಗೂ ಹಾಲಿಗಾಗಿ ದೂರದಿಂದ ತರುತ್ತಿದ್ದುದು ಕರು ಹಾಕಿದ ಉತ್ತಮೋತ್ತಮ ಎಮ್ಮೆಗಳನ್ನೇ. ಜಾಗ ಇಕ್ಕಟ್ಟು, ಮೇವು ದುಬಾರಿ. ಹಾಲು ಬತ್ತಿದ ಎಮ್ಮೆಯನ್ನು ಮತ್ತೆ ಗಬ್ಬವಾಗಿಸಿ ಕಾಯುವುದಕ್ಕಿಂತ ಮಾರಿ ಇನ್ನೊಂದನ್ನು ತರುವುದೇ ಲಾಭವೆನಿಸಿ, ಎಷ್ಟೋ ಒಳ್ಳೆಯ ಮುರ್ರಾ ಎಮ್ಮೆಗಳ ವಂಶವು ಕಸಾಯಿಖಾನೆಯಲ್ಲಿ ಮುಗಿಯಿತು. 1949ರಲ್ಲಿ ಆರೆ ಹಾಲಿನ ಕಾಲೊನಿಯನ್ನು ಸ್ಥಾಪಿಸಿ ಎಮ್ಮೆಗಳನ್ನು ಅಲ್ಲಿಗೆ ಸಾಗಿಸಿದಾಗ ನಗರದ ಕೊಳೆ ತಗ್ಗಿತು. ಈ ಸೋರಿಕೆ ನಿಲ್ಲಲಿಲ್ಲ.

ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವವರು ಒಂದು ಕೆಲಸ ಮಾಡಬಹುದು. ಹಸುವಿಗೆ ಬಳಸಿದ ವೀರ್ಯನಳಿಕೆಯ ಮೇಲೆ ಹೋರಿಯ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಬಿಸಾಡುವ ಆ ನಳಿಕೆಯನ್ನು ಕೇಳಿ ಪಡೆದು, ಸಂಖ್ಯೆಯನ್ನೂ ತಾರೀಖನ್ನೂ ಹಸುವಿನ ಕಿವಿಯೋಲೆಯ ಅಂಕಿಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಇದರ ಉಪಯೋಗವು ಮೂರು ವರ್ಷಗಳ ಅನಂತರ ಬರುವುದು. ಆ ಕರು ಕಡಸಾಗಿ ಬೆದೆಗೆ ಬಂದಾಗ, ಗೊತ್ತಿಲ್ಲದೆ ಅದೇ ಹೋರಿಯ, ಅಂದರೆ ತಂದೆಯದೇ ನಳಿಕೆಯನ್ನು ಬಳಸುವುದು ಎಷ್ಟೋ ಕಡೆ ನಡೆಯುತ್ತದೆ. ಹೋರಿಯಲ್ಲಿ ಚೀಫ್‌ನಂತಹ ಒಂದು ದೋಷ ಅಡಗಿದ್ದರೆ, ಮಗಳಿಗೆ ಅದು ಇಳಿದಿರುವ ಸಂಭವ ಎರಡರಲ್ಲಿ ಒಂದು; ಇಬ್ಬರಿಂದಲೂ ಮುಂದಿನ ಕರುವಿಗೆ ಬರುವ ಸಂಭವ ನಾಲ್ಕರಲ್ಲಿ ಒಂದು; ಗುಣಿಸಿದರೆ ಎಂಟರಲ್ಲಿ ಒಂದು. ಪುಸ್ತಕದಲ್ಲಿ ಸಂಖ್ಯೆ ಇದ್ದರೆ ಮಾವನವರು ವೈದ್ಯರಿಗೆ ‘ಬೇರೆ ಹೋರಿಯದನ್ನು ತನ್ನಿ’ ಎಂದು ಹೇಳಬಲ್ಲರು.